ಕೋಡಿಗೆ ಬಂದವರು, ವಾರ್ಡಿಗೆ ಬಾರದವರು

ನಮ್ಮ ಹಳ್ಳಿಗಳಲ್ಲಿ ಅರವತ್ತು ದಾಟಿದವರ ಗುರುತಿನ ಚೀಟಿಗಳನ್ನು ಒಂದೆಡೆ ಹರವಿದರೆ ಜೂನ್ 1ರಂದು ಹುಟ್ಟಿದವರು ಬೇಕಾದಷ್ಟು ಸಿಗುತ್ತಾರೆ. ಶಾಲೆಗೆ ಸೇರಿಸಿಕೊಳ್ಳುವಾಗ ಮೇಷ್ಟ್ರು ಬರೆದುಕೊಂಡ ತಾರೀಖು ಅದು. ಪೂರ್ವ ಆಫ್ರಿಕಾದಲ್ಲಿ ಹುಟ್ಟಿ ಬೆಳೆದ ಓಪನ್‌ಎಂಆರ್‌ಎಸ್ ಎಂಬ ಓಪನ್ ಸೋರ್ಸ್ ವೈದ್ಯಕೀಯ ದಾಖಲೆ ತಂತ್ರಾಂಶದಲ್ಲಿ ಹುಟ್ಟಿದ ದಿನದ ಪಕ್ಕದಲ್ಲೇ ಇನ್ನೊಂದು ಸಣ್ಣ ಖಾನೆಯಿದೆ. ಈ ತಾರೀಖು ಅಂದಾಜಿನದೋ ಅಲ್ಲವೋ ಎಂದಷ್ಟೇ ಅದು ಕೇಳುತ್ತದೆ. ಹೊಸದಾಗಿ ಆ ಕೋಡ್ ತೆರೆದು ನೋಡುವ ಎಂಜಿನಿಯರಿಂಗ್ ಹುಡುಗನಿಗೆ ಅದು ಅನಗತ್ಯವೆನಿಸುತ್ತದೆ. ಅವನು ತುಂಬಿದ ಅರ್ಜಿಗಳಲ್ಲಿ ಅಂಥ ಪ್ರಶ್ನೆ ಬಂದದ್ದೇ ಇಲ್ಲ. ಅವನ ಅಜ್ಜಿಗಾದರೆ ಅದು ವಿವರಿಸದೆಯೇ ಅರ್ಥವಾಗುತ್ತದೆ.

ಅದೇ ತಂತ್ರಾಂಶದಲ್ಲಿ ಇನ್ನೊಂದು ವಿಚಿತ್ರವೂ ಕಣ್ಣಿಗೆ ಬೀಳುತ್ತದೆ. ತಪ್ಪು ದಾಖಲೆಯನ್ನು ಸುಲಭಕ್ಕೆ ಅಳಿಸುವಂತಿಲ್ಲ. ‘ಅಸಿಂಧು’ ಎಂದು ಗುರುತು ಹಾಕಬೇಕು. ಯಾರು ಹಾಕಿದರು, ಯಾವಾಗ, ಯಾವ ಕಾರಣಕ್ಕೆ ಎಂಬುದು ಅದರ ಜೊತೆಗೇ ಉಳಿಯುತ್ತದೆ. ಅಂಗಡಿಯ ಸಾಮಾನು ಮಾರುವ ಆ್ಯಪ್ ಬರೆದು ರೂಢಿಯಾದವನಿಗೆ ಇದು ಸುಮ್ಮನೆ ಜಾಗ ತಿನ್ನುವ ಕೆಲಸ. ನಿನ್ನೆ ಬರೆದ ತಪ್ಪು ರಕ್ತದ ಗುಂಪನ್ನು ನೋಡಿ ಬೆಳಿಗ್ಗೆ ಯಾರಾದರೂ ತೀರ್ಮಾನ ತೆಗೆದುಕೊಂಡಿದ್ದರೆ, ಆ ತಪ್ಪೂ ರೋಗಿಯ ಚರಿತ್ರೆಯ ಭಾಗವೇ ಎಂಬುದು ಆಸ್ಪತ್ರೆಯಲ್ಲಿ ದುಡಿದವರಿಗೆ ಗೊತ್ತು.

ಓಪನ್ ಸೋರ್ಸ್ ಸಮುದಾಯಕ್ಕೆ ಹೊಸಬರನ್ನು ಬರಮಾಡಿಕೊಳ್ಳುವುದು ಹೇಗೆ ಎಂಬ ಚರ್ಚೆ ದಶಕಗಳಿಂದ ನಡೆದಿದೆ. ಅದರ ಬಹುಪಾಲು ಮೊದಲ ಕೋಡ್ ತುಣುಕನ್ನು ಸುಲಭಗೊಳಿಸುವ ಬಗ್ಗೆ. ವೈದ್ಯಕೀಯ ದಾಖಲೆಯ ಮಟ್ಟಿಗೆ ಆ ಪ್ರಶ್ನೆಯನ್ನೇ ಸ್ವಲ್ಪ ತಪ್ಪು ಜಾಗದಲ್ಲಿ ಕೇಳುತ್ತಿದ್ದೇವೆ ಎಂಬುದು ನನ್ನ ಅನುಮಾನ. ಇಲ್ಲಿ ಕೋಡಿಗಿಂತ ರೋಗಿ ದೂರ. ಕೋಡ್ ಬಲ್ಲವರಿಗೆ ಬಾಗಿಲು ತೆರೆದಿದೆ, ರೋಗಿಯನ್ನು ಬಲ್ಲವರಿಗೆ ಇನ್ನೂ ಅರ್ಧವೇ ತೆರೆದಿದೆ.

ಓಪನ್‌ಎಂಆರ್‌ಎಸ್‌ನ ಆರಂಭ ಹೀಗಿರಲಿಲ್ಲ. ಕೀನ್ಯಾದ ಎಲ್ಡೊರೆಟ್ ಪಟ್ಟಣದಲ್ಲಿ ಮೊಯ್ ವಿಶ್ವವಿದ್ಯಾಲಯದ ವೈದ್ಯಕೀಯ ಶಾಲೆ, ಅಲ್ಲಿನ ಬೋಧನಾ ಆಸ್ಪತ್ರೆ ಮತ್ತು ಅಮೆರಿಕದ ಇಂಡಿಯಾನಾ ವಿಶ್ವವಿದ್ಯಾಲಯ ಸೇರಿ 2001ರಲ್ಲಿ ಆಂಪಾಥ್ ಎಂಬ ಎಚ್‌ಐವಿ ಚಿಕಿತ್ಸಾ ಕಾರ್ಯಕ್ರಮ ಕಟ್ಟಿದವು. ಹತ್ತಿರದ ಮೊಸೊರಿಯೊಟ್ ಗ್ರಾಮೀಣ ಆರೋಗ್ಯ ಕೇಂದ್ರದಲ್ಲಿ ಮೈಕ್ರೊಸಾಫ್ಟ್ ಆಕ್ಸೆಸ್‌ನಲ್ಲಿ ಬರೆದ ದಾಖಲೆ ವ್ಯವಸ್ಥೆಯೊಂದು ಅದೇ ಹೊತ್ತಿಗೆ ಶುರುವಾಗಿತ್ತು. ರೋಗಿಗಳು ಸಾವಿರಗಳಲ್ಲಿ ಬರತೊಡಗಿದಾಗ ಅದು ಸಾಲದಾಯಿತು. 2004ರ ಫೆಬ್ರವರಿಯಲ್ಲಿ ಇಂಡಿಯಾನಾಪೊಲಿಸ್‌ನ ರೆಗೆನ್‌ಸ್ಟ್ರೀಫ್ ಸಂಸ್ಥೆಯಿಂದ ಬರ್ಕ್ ಮ್ಯಾಮ್ಲಿನ್, ಪಾಲ್ ಬಯೊಂಡಿಚ್ ಎಂಬಿಬ್ಬರು ಎಲ್ಡೊರೆಟ್‌ಗೆ ಹೋದರು. ಪಾತ್ರೆ ತೊಳೆಯುವ ಯಂತ್ರ ಮಾಡಿ ಶ್ರೀಮಂತನಾದ ಉದ್ಯಮಿಯ ಹಣದಿಂದ ನಿಂತ ಆ ಸಂಸ್ಥೆ 1972ರಿಂದಲೂ ರೋಗಿಯ ದಾಖಲೆಗಳನ್ನು ಗಣಕಕ್ಕೆ ತರುತ್ತಿತ್ತು. ಹೋದ ಇಬ್ಬರೂ ವೈದ್ಯರು, ಜೊತೆಗೆ ಕೋಡ್ ಬರೆಯಬಲ್ಲವರು. ಇದ್ದ ವ್ಯವಸ್ಥೆಗೆ ತೇಪೆ ಹಾಕುವ ಬದಲು ಹೊಸದೇ ಬೇಕೆಂದು ನಿರ್ಧರಿಸಿದರು. ಪೆರು, ಹೈಟಿಗಳಲ್ಲಿ ಕ್ಷಯ, ಎಚ್‌ಐವಿ ರೋಗಿಗಳ ದಾಖಲೆ ಇಡುತ್ತಿದ್ದ ಪಾರ್ಟ್‌ನರ್ಸ್ ಇನ್ ಹೆಲ್ತ್ ಸಂಸ್ಥೆ ಮತ್ತು ದಕ್ಷಿಣ ಆಫ್ರಿಕಾದ ವೈದ್ಯಕೀಯ ಸಂಶೋಧನಾ ಮಂಡಳಿ ಕೈಜೋಡಿಸಿದವು. 2006ರ ಫೆಬ್ರವರಿಯಲ್ಲಿ ಎಲ್ಡೊರೆಟ್‌ನಲ್ಲಿ, ಆಗಸ್ಟ್‌ನಲ್ಲಿ ರುವಾಂಡದ ರ್ವಿಂಕ್ವಾವುವಿನಲ್ಲಿ ಹೊಸ ವ್ಯವಸ್ಥೆ ಕೆಲಸಕ್ಕಿಳಿಯಿತು.

ಆಗಿನ ಹೊಸಬರು ಯಾರು? ಡಾಕ್ಟರು ಕಾಗದದ ಮೇಲೆ ತುಂಬಿದ ಫಾರ್ಮನ್ನು ಸಂಜೆ ಕೂತು ಗಣಕಕ್ಕೆ ಏರಿಸುತ್ತಿದ್ದ ಡಾಟಾ ಎಂಟ್ರಿ ಗುಮಾಸ್ತರು, ಸರ್ವರ್ ನೋಡಿಕೊಳ್ಳಲು ನೇಮಕವಾದ ಸ್ಥಳೀಯ ತರುಣರು, ವರದಿ ಬೇಕೆಂದು ಪೀಡಿಸುವ ಕಾರ್ಯಕ್ರಮಾಧಿಕಾರಿಗಳು. ಮಲಾವಿಯ ಬೇವೊಬ್ಯಾಬ್ ಹೆಲ್ತ್ ಗುಂಪು ಬೇರೆ ದಾರಿ ಹಿಡಿದಿತ್ತು. ಗುಮಾಸ್ತರ ಕೈಗೆ ಕೊಡುವ ಬದಲು ನರ್ಸ್ ತಾನೇ ಬೆರಳಲ್ಲಿ ಒತ್ತಿ ದಾಖಲಿಸುವ ಸ್ಪರ್ಶಪರದೆಗಳನ್ನು ಅವರು ಕ್ಲಿನಿಕ್‌ಗಳಲ್ಲಿ ಕೂರಿಸಿದರು, ಒಳಗೆ ಓಪನ್‌ಎಂಆರ್‌ಎಸ್‌ನ ದತ್ತಾಂಶ ವಿನ್ಯಾಸವನ್ನು ಇಟ್ಟುಕೊಂಡರು. ಕಿಗಾಲಿಯಲ್ಲಿ ಪಾರ್ಟ್‌ನರ್ಸ್ ಇನ್ ಹೆಲ್ತ್ ರುವಾಂಡದ ಗಣಕ ಪದವೀಧರರಿಗೆ ತಿಂಗಳುಗಟ್ಟಲೆ ತರಬೇತಿ ನಡೆಸಿತು. ಹೀಗೆ ಬಂದವರಿಗೆ ಕೋಡ್ ನಿಧಾನವಾಗಿ ಒಲಿದಿರಬಹುದು, ಆದರೆ ಫಾರ್ಮ್ ತೆರೆಯಲು ತಡವಾದರೆ ಹೊರಗೆ ಸಾಲು ಎಷ್ಟುದ್ದ ಬೆಳೆಯುತ್ತದೆಂದು ಅವರು ಕಿಟಕಿಯಿಂದಲೇ ನೋಡುತ್ತಿದ್ದರು.

2007ರಲ್ಲಿ ಇನ್ನೊಂದು ಬಾಗಿಲು ತೆರೆಯಿತು. ಗೂಗಲ್ 2005ರಲ್ಲಿ ಆರಂಭಿಸಿದ್ದ ‘ಸಮ್ಮರ್ ಆಫ್ ಕೋಡ್’ಗೆ ಓಪನ್‌ಎಂಆರ್‌ಎಸ್ ಆ ವರ್ಷ ಸೇರಿಕೊಂಡಿತು. ವಿದ್ಯಾರ್ಥಿಗೆ ಗೂಗಲ್ ಭತ್ಯೆ ಕೊಡುತ್ತಿತ್ತು, ಸಮುದಾಯ ಒಬ್ಬ ಮಾರ್ಗದರ್ಶಕನನ್ನು ಕೊಡುತ್ತಿತ್ತು, ಮೂರು ತಿಂಗಳಲ್ಲಿ ಒಂದು ಯೋಜನೆ ಮುಗಿಯಬೇಕಿತ್ತು. ಶ್ರೀಲಂಕಾದ ಮೊರಾಟುವ, ಕ್ಯಾಮರೂನ್‌ನ ಬುಯಾ, ಭಾರತದ ಹತ್ತಾರು ಎಂಜಿನಿಯರಿಂಗ್ ಕಾಲೇಜುಗಳಿಂದ ವರ್ಷಾವರ್ಷ ಅರ್ಜಿಗಳು ಬಂದವು. ‘ಕೋಡ್ ಬರೆಯಿರಿ, ಜೀವ ಉಳಿಸಿ’ ಎಂಬ ಸಮುದಾಯದ ಘೋಷವಾಕ್ಯ ಇಪ್ಪತ್ತರ ಹುಡುಗ ಹುಡುಗಿಯರನ್ನು ಸೆಳೆಯುವಂಥದ್ದೇ. ಬಂದವರಲ್ಲಿ ಕೆಲವರು ಉಳಿದರು, ಮುಂದಿನ ವರ್ಷ ತಾವೇ ಮಾರ್ಗದರ್ಶಕರಾದರು. ಬಹಳಷ್ಟು ಜನ ಪ್ರಮಾಣಪತ್ರ ಪಡೆದು ಉದ್ಯೋಗಕ್ಕೆ ಹೋದರು. ಇದನ್ನು ದ್ರೋಹವೆನ್ನಲಾಗದು, ಬದುಕು ನಡೆಯಬೇಕಲ್ಲ. ಆದರೆ ಅವರು ಬಿಟ್ಟುಹೋದ ಅರೆಬೆಂದ ಮಾಡ್ಯೂಲನ್ನು ಮುಂದೆ ಸಾಕಬೇಕಾದವರು ಬೇರೆ ಯಾರೋ.

ಹೊಸಬರಿಂದ ಆಗುವ ಖರ್ಚನ್ನು ನಿಷ್ಠುರವಾಗಿ ಹೇಳಿದವರು ಫ್ರೆಡ್ ಬ್ರೂಕ್ಸ್. ತಡವಾಗಿರುವ ತಂತ್ರಾಂಶಕ್ಕೆ ಇನ್ನಷ್ಟು ಜನರನ್ನು ಸೇರಿಸಿದರೆ ಅದು ಇನ್ನೂ ತಡವಾಗುತ್ತದೆ ಎಂದು ಅವರು 1975ರಲ್ಲೇ ವಾದಿಸಿದರು. ಹಳಬರ ಹೊತ್ತು ಹೊಸಬರಿಗೆ ಕಲಿಸುವುದರಲ್ಲಿ ಹೋಗುತ್ತದೆ ಎಂಬುದು ಅವರ ಒಂದು ಕಾರಣ. ಸಂಬಳ ಕೊಡುವ ಕಂಪನಿಗೆ ಹೇಳಿದ ಮಾತು ಅದು. ಸ್ವಯಂಸೇವಕರ ಸಮುದಾಯದಲ್ಲಿ ಕಲಿಸುವ ಹೊತ್ತಿನ ಲೆಕ್ಕವನ್ನೂ ಯಾರೂ ಇಡುವುದಿಲ್ಲ. ಇನ್ನು ಹೊಸಬರ ಕಡೆಯಿಂದ ನೋಡಿದರೆ, ಬ್ರೆಜಿಲ್‌ನ ಇಗೊರ್ ಸ್ಟೈನ್‌ಮಾಕರ್ ಮತ್ತು ಸಂಗಡಿಗರು ಮೊದಲ ಕೊಡುಗೆಯ ಹಾದಿಯಲ್ಲಿ ಅಡ್ಡ ನಿಲ್ಲುವ 58 ತಡೆಗಳನ್ನು ಪಟ್ಟಿ ಮಾಡಿದ್ದಾರೆ. ಕೇಳಿದ ಪ್ರಶ್ನೆಗೆ ಉತ್ತರವೇ ಬಾರದಿರುವುದು, ಎಲ್ಲಿಂದ ಶುರುಮಾಡಬೇಕೆಂದು ತಿಳಿಯದಿರುವುದು, ತಂತ್ರಾಂಶವನ್ನು ಸ್ವಂತ ಗಣಕದಲ್ಲಿ ನಿಲ್ಲಿಸಲು ಆಗದಿರುವುದು ಇವುಗಳಲ್ಲಿ ಸೇರಿವೆ. ಕೊನೆಯದನ್ನು ಸಣ್ಣದೆಂದುಕೊಳ್ಳಬೇಡಿ. ಜಾವಾ, ಮೈಎಸ್‌ಕ್ಯುಎಲ್, ಈಚೆಗೆ ರಿಯಾಕ್ಟ್, ಡಾಕರ್ ಎಲ್ಲ ಇಳಿಸಿಕೊಳ್ಳಬೇಕಾದ ಓಪನ್‌ಎಂಆರ್‌ಎಸ್‌ನಂಥ ದೊಡ್ಡ ವ್ಯವಸ್ಥೆಯಲ್ಲಿ ನಾಲ್ಕು ಜಿಬಿ ಮೆಮೊರಿಯ ಹಳೆ ಲ್ಯಾಪ್‌ಟಾಪು, ಅಳೆದು ಸುರಿಯುವ ಮೊಬೈಲ್ ಡಾಟಾ ಇರುವವನ ಉತ್ಸಾಹ ಅಲ್ಲೇ ಬತ್ತಿಹೋಗುತ್ತದೆ.

ಕಲಿಕೆಯ ಬಗ್ಗೆ ಇಲ್ಲಿ ನಿಜವಾಗಿ ಉಪಯೋಗಕ್ಕೆ ಬರುವ ಅಧ್ಯಯನ ಗಣಕದ್ದಲ್ಲ, ದರ್ಜಿಗಳದ್ದು. ಮಾನವಶಾಸ್ತ್ರಜ್ಞೆ ಜೀನ್ ಲೇವ್ ಲೈಬೀರಿಯಾದ ವೈ ಮತ್ತು ಗೋಲಾ ದರ್ಜಿಗಳ ಅಂಗಡಿಗಳಲ್ಲಿ ಕೂತು ಹುಡುಗರು ಕಸುಬು ಕಲಿಯುವುದನ್ನು ಗಮನಿಸಿದರು. 1991ರಲ್ಲಿ ಏಟಿಯೆನ್ ವೆಂಗರ್ ಜೊತೆ ಬರೆದ ಪುಸ್ತಕದಲ್ಲಿ ಅದು ಉದಾಹರಣೆಗಳಲ್ಲಿ ಒಂದಾಗಿ ಬಂತು. ಅಂಗಿ ತಯಾರಾಗುವ ಕ್ರಮದಲ್ಲಿ ಮೊದಲು ಬಟ್ಟೆ ಕತ್ತರಿಸುವುದು, ಆಮೇಲೆ ಹೊಲಿಯುವುದು, ಕೊನೆಗೆ ಗುಂಡಿ ಹಾಕಿ ಅಂಚು ಮಡಿಸುವುದು. ಕಲಿಸುವ ಕ್ರಮ ಇದಕ್ಕೆ ತಿರುಗುಮುರುಗು. ಹುಡುಗ ಗುಂಡಿ, ಅಂಚುಗಳಿಂದ ಶುರುಮಾಡುತ್ತಾನೆ, ಹೊಲಿಗೆಗೆ ಬರುತ್ತಾನೆ, ಕತ್ತರಿ ಅವನ ಕೈಗೆ ಸಿಗುವುದು ಕಡೆಯಲ್ಲಿ. ಕತ್ತರಿಸುವಾಗ ಕೆಟ್ಟರೆ ಇಡೀ ಬಟ್ಟೆ ಹಾಳು, ಗುಂಡಿ ಓರೆಯಾದರೆ ಬಿಚ್ಚಿ ಹಾಕಬಹುದು. ಜೊತೆಗೆ, ಕೊನೆಯ ಹಂತದಲ್ಲಿ ಕೈಯಾಡಿಸಿದವನಿಗೆ ಮುಗಿದ ಅಂಗಿ ಹೇಗಿರುತ್ತದೆಂಬ ಕಲ್ಪನೆ ಮೊದಲ ದಿನದಿಂದಲೇ ಇರುತ್ತದೆ.

ಓಪನ್ ಸೋರ್ಸ್ ಸಮುದಾಯಗಳು ಇದರ ಮೊದಲರ್ಧವನ್ನು ಚೆನ್ನಾಗಿ ಅರಗಿಸಿಕೊಂಡಿವೆ. ‘ಮೊದಲಿಗರಿಗೆ ಸೂಕ್ತ’ ಎಂಬ ಚೀಟಿ ಅಂಟಿಸಿದ ಬಿಡಿ ಕೆಲಸಗಳು, ಅಂದರೆ ಸಣ್ಣ ಟಿಕೆಟ್‌ಗಳು ಅದರ ಫಲ. ಓಪನ್‌ಎಂಆರ್‌ಎಸ್‌ನಲ್ಲಿ ಡೆವಲಪರ್‌ಗೆ ಮೆಟ್ಟಿಲುಗಳೇ ಇವೆ: ತಳದಲ್ಲಿ ‘ಡೆವ್ ನಲ್’, ಅಲ್ಲಿಂದ ಒಂದರಿಂದ ಐದರವರೆಗೆ. ಯುನಿಕ್ಸ್‌ನಲ್ಲಿ ‘ಡೆವ್ ನಲ್’ ಎಂದರೆ ಏನು ಸುರಿದರೂ ಕಾಣೆಯಾಗುವ ಹೊಂಡ. ಗಣಕದವರಿಗೆ ನಗು ತರಿಸುವ ಈ ತಮಾಷೆ ಎಲ್ಡೊರೆಟ್‌ನ ನರ್ಸ್ ಒಬ್ಬಳಿಗೆ ಏನನ್ನೂ ಹೇಳುವುದಿಲ್ಲ. ಮೆಟ್ಟಿಲು ಯಾರನ್ನು ಮನಸ್ಸಿನಲ್ಲಿಟ್ಟು ಕಟ್ಟಿದ್ದೆಂದು ಹೆಸರಿನಲ್ಲೇ ಗೊತ್ತಾಗುತ್ತದೆ.

ದರ್ಜಿಯ ಹುಡುಗನಿಗಿದ್ದ ಎರಡನೆಯ ಅರ್ಧ, ಅಂದರೆ ಮುಗಿದ ಅಂಗಿಯನ್ನು ನೋಡುವ ಅವಕಾಶ, ಇಲ್ಲಿ ಸಿಗುವುದಿಲ್ಲ. ಹೊಸಬರ ಅಭ್ಯಾಸಕ್ಕೆಂದು ಹೆಸರು, ಗುರುತು ತೆಗೆದ ಐದು ಸಾವಿರ ಚಿಲ್ಲರೆ ರೋಗಿಗಳ ಮಾದರಿ ದತ್ತಾಂಶ ಇದೆ. ಅದು ಸರಿಯಾದ ವ್ಯವಸ್ಥೆಯೇ, ನಿಜವಾದ ರೋಗಿಯ ದಾಖಲೆ ಅಪರಿಚಿತರ ಕೈಗೆ ಹೋಗಬಾರದು. ಆದರೆ ಮಾದರಿ ರೋಗಿ ಕೆಮ್ಮುವುದಿಲ್ಲ, ಸಾಲಿನಲ್ಲಿ ನಿಂತು ಬೇಸರಪಡುವುದಿಲ್ಲ, ಹಳೆ ಚೀಟಿ ಮನೆಯಲ್ಲೇ ಬಿಟ್ಟು ಬಂದು ಬೇರೆ ಹೆಸರಿನಲ್ಲಿ ಎರಡನೇ ಸಲ ನೋಂದಾಯಿಸಿಕೊಳ್ಳುವುದಿಲ್ಲ. ನೋಂದಣಿ ಪರದೆಯಲ್ಲಿ ಗುಂಡಿಯ ಬಣ್ಣ ಬದಲಿಸಿ ಮೊದಲ ಮೆಟ್ಟಿಲು ಹತ್ತಿದವನು ಅಂಥ ಪರದೆಯ ಹಿಂದೆ ಯಾರಾದರೂ ಕೂತಿದ್ದನ್ನು ಕಂಡಿರುವುದೇ ಇಲ್ಲ.

ಇನ್ನು ಹೊಸಬರು ಪ್ರವಾಹದಂತೆ ನುಗ್ಗಿಬರುವ ಮಾತಿಗೆ ಬರೋಣ. 2020ರ ಅಕ್ಟೋಬರ್‌ನಲ್ಲಿ, ನಾಲ್ಕು ‘ಪುಲ್ ರಿಕ್ವೆಸ್ಟ್’ (ಕೋಡಿಗೆ ಸೂಚಿಸಿದ ತಿದ್ದುಪಡಿ) ಕಳಿಸಿದವರಿಗೆ ಟೀ ಶರ್ಟ್ ಕೊಡುತ್ತಿದ್ದ ‘ಹ್ಯಾಕ್ಟೋಬರ್‌ಫೆಸ್ಟ್’ ಎಂಬ ವಾರ್ಷಿಕ ಉತ್ಸವದಲ್ಲಿ ಜಗತ್ತಿನ ಯೋಜನೆಗಳಿಗೆಲ್ಲ ಅರ್ಥವಿಲ್ಲದ ತಿದ್ದುಪಡಿಗಳ ಮಳೆ ಸುರಿಯಿತು. ಪರಿಚಯ ಕಡತದಲ್ಲಿ ‘ಅದ್ಭುತ ಯೋಜನೆ’ ಎಂದು ಸೇರಿಸಿ ಕಳಿಸಿದವರು ಹಲವರು. ಯೋಜನೆಯವರು ಒಪ್ಪಿದರೆ ಮಾತ್ರ ಲೆಕ್ಕ ಎಂದು ಆಯೋಜಕರು ಕೆಲವೇ ದಿನಗಳಲ್ಲಿ ನಿಯಮ ಬದಲಿಸಬೇಕಾಯಿತು. 2024ರಲ್ಲಿ ಎಕ್ಸ್‌ಪ್ರೆಸ್ ಎಂಬ ಹೆಸರಾಂತ ಯೋಜನೆಗೆ, ಒಂದು ಪಾಠದ ವಿಡಿಯೊ ನೋಡಿದ ಭಾರತದ ವಿದ್ಯಾರ್ಥಿಗಳು ತಮ್ಮ ಹೆಸರನ್ನೇ ಪರಿಚಯ ಕಡತಕ್ಕೆ ಸೇರಿಸುವ ತಿದ್ದುಪಡಿಗಳನ್ನು ರಾಶಿ ಹಾಕಿದರು. ಪಾಠದಲ್ಲಿ ಉದಾಹರಣೆಗೆ ತೋರಿಸಿದ್ದನ್ನು ಅವರು ಹಾಗೇ ಮಾಡಿದ್ದರು, ಅಷ್ಟೇ. ಈಗ ಕೃತಕ ಬುದ್ಧಿಮತ್ತೆ ಬರೆದುಕೊಟ್ಟ, ಕಳಿಸಿದವನೇ ಓದದ ಕೋಡ್ ಅದಕ್ಕೆ ಸೇರಿದೆ.

ಈ ಹುಡುಗರನ್ನು ಗೇಲಿ ಮಾಡುವುದು ಸುಲಭ. ರೆಸ್ಯೂಮೆಯಲ್ಲಿ ‘ಓಪನ್ ಸೋರ್ಸ್ ಕೊಡುಗೆ’ ಎಂಬ ಸಾಲಿಲ್ಲದಿದ್ದರೆ ಕ್ಯಾಂಪಸ್ ಸಂದರ್ಶನದ ಮೊದಲ ಜರಡಿಯಲ್ಲೇ ಬೀಳುತ್ತೀರಿ ಎಂದು ಅವರಿಗೆ ಹೇಳಿಕೊಟ್ಟದ್ದು ಯಾರು? ಎಣಿಕೆಯನ್ನೇ ಗುಣವೆಂದದ್ದು ಕಂಪನಿಗಳು, ಕಾಲೇಜುಗಳು, ಉತ್ಸವ ನಡೆಸುವವರು. ಸಮುದಾಯಗಳೂ ಈ ವರ್ಷ ಇಷ್ಟು ಹೊಸಬರು ಬಂದರೆಂದು ದಾನಿಗಳಿಗೆ ವರದಿ ಬರೆಯುತ್ತವೆ. ಬಂದವರ ಸಂಖ್ಯೆ ನನಗೆ ಏನನ್ನೂ ಹೇಳುವುದಿಲ್ಲ. ಎರಡನೆಯ ವರ್ಷ ಎಷ್ಟು ಜನ ತಿರುಗಿ ಬಂದರು, ಬೇರೆಯವರ ಕೋಡನ್ನು ಪರಿಶೀಲಿಸುವ ಮಟ್ಟಕ್ಕೆ ಎಷ್ಟು ಜನ ಬೆಳೆದರು ಎಂದು ಕೇಳಬೇಕು.

ಪರಿಶೀಲಿಸುವವರೇ ಇಲ್ಲಿನ ಅಪರೂಪದ ಸಂಪನ್ಮೂಲ. ಔಷಧಿಯ ಪ್ರಮಾಣ ಲೆಕ್ಕಹಾಕುವ ಸಾಲಿನಲ್ಲಿ ಮಿಲಿಗ್ರಾಂ, ಮೈಕ್ರೊಗ್ರಾಂ ಅದಲುಬದಲಾದರೆ ಆಗುವುದು ಸಾವಿರ ಪಟ್ಟು ವ್ಯತ್ಯಾಸ. ಹಾಗಾಗಿ ಮುಖ್ಯ ಕೋಡಿಗೆ ಬರುವ ಪ್ರತಿ ತಿದ್ದುಪಡಿಯನ್ನೂ ಅನುಭವಿಯೊಬ್ಬರು ಓದಲೇಬೇಕು. ಅಂಥವರು ಕೆಲವೇ ಮಂದಿ, ಅವರಿಗೂ ದಿನದ ನೌಕರಿ ಇರುತ್ತದೆ. ಎರಡು ವಾರ ಉತ್ತರ ಬಾರದೆ ಹೊಸಬ ಬೇಸತ್ತು ಹೋಗುತ್ತಾನೆ. ಅವನ ದೂರೂ ನ್ಯಾಯವಾದದ್ದೇ, ಇವರ ತಡವೂ ನ್ಯಾಯವಾದದ್ದೇ.

ಬರೀ ಸೌಜನ್ಯದಿಂದ ಈ ಗಂಟು ಬಿಡಿಸಬಹುದೆಂದು ನಂಬಿದ್ದವರಿಗೆ 2024ರ ಮಾರ್ಚ್ ಬೇರೆಯೇ ಪಾಠ ಹೇಳಿತು. ಲಿನಕ್ಸ್ ಲೋಕದಲ್ಲೆಲ್ಲ ಬಳಕೆಯಲ್ಲಿರುವ ಎಕ್ಸ್‌ಝಡ್ ಎಂಬ ಸಣ್ಣ ತಂತ್ರಾಂಶಕ್ಕೆ ‘ಜಿಯಾ ಟ್ಯಾನ್’ ಎಂಬ ಹೆಸರಿನ ಹೊಸಬ ವಿನಯದಿಂದ ಬಂದು, ಎರಡು ವರ್ಷಕ್ಕೂ ಮೇಲ್ಪಟ್ಟು ಒಳ್ಳೆಯ ಕೆಲಸ ಮಾಡಿ, ದಣಿದಿದ್ದ ಒಬ್ಬನೇ ನಿರ್ವಾಹಕನ ನಂಬಿಕೆ ಗಳಿಸಿ, ಕೊನೆಗೆ ಗುಪ್ತ ಹಿಂಬಾಗಿಲೊಂದನ್ನು ಸೇರಿಸಿದ್ದ. ಲಾಗಿನ್ ಅರ್ಧ ಸೆಕೆಂಡ್ ನಿಧಾನವಾಗಿದ್ದನ್ನು ಆಂಡ್ರೆಸ್ ಫ್ರೂಂಡ್ ಎಂಬ ಎಂಜಿನಿಯರ್ ಬೆನ್ನುಹತ್ತದಿದ್ದರೆ ಅದು ಬಯಲಿಗೇ ಬರುತ್ತಿರಲಿಲ್ಲ. ಎಚ್‌ಐವಿ ಸೋಂಕಿತರ ಹೆಸರು, ಊರು, ಮದ್ದಿನ ವಿವರ ಇರುವ ವ್ಯವಸ್ಥೆಯಲ್ಲಿ ಇಂಥದ್ದಾದರೆ ಏನಾದೀತು? ವೈದ್ಯಕೀಯ ಸಮುದಾಯಗಳು ಬಾಗಿಲು ಅಗಲವಾಗಿ ತೆರೆಯಬೇಕು, ಒಳಕೋಣೆಯ ಬೀಗವನ್ನು ಒಬ್ಬರ ಕೈಗೇ ಬಿಡಬಾರದು. ದರ್ಜಿಗಳು ಕತ್ತರಿಯನ್ನು ಕಡೆಯಲ್ಲಿ ಕೊಟ್ಟದ್ದು ನನಗೆ ಈಗ ಇನ್ನಷ್ಟು ಒಪ್ಪಿಗೆಯಾಗುತ್ತದೆ.

ಹೊಸಬರು ರೋಗಿಯ ಹತ್ತಿರಕ್ಕೆ ಬಂದಾಗ ಏನಾಗುತ್ತದೆ ಎಂಬುದಕ್ಕೆ ನಿದರ್ಶನಗಳಿವೆ. 2014ರಲ್ಲಿ ಪಶ್ಚಿಮ ಆಫ್ರಿಕಾದಲ್ಲಿ ಎಬೋಲಾ ಹಬ್ಬಿದಾಗ, ಸೋಂಕಿನ ವಲಯದೊಳಗೆ ಹೋದ ಕಾಗದ ಹೊರಗೆ ಬರುವಂತಿರಲಿಲ್ಲ. ಒಳಗಿನವರು ಬೇಲಿಯಾಚೆಗೆ ಕೂಗಿ ಹೇಳಿದ್ದನ್ನು ಹೊರಗಿನವರು ಬರೆದುಕೊಳ್ಳುತ್ತಿದ್ದರು. ಎಂಎಸ್‌ಎಫ್ ವೈದ್ಯ ಸಂಸ್ಥೆಯ ಕೋರಿಕೆಯ ಮೇಲೆ ಗೂಗಲ್‌ನ ಸ್ವಯಂಸೇವಕರು ಕ್ಲೋರಿನ್ ನೀರಿನಲ್ಲಿ ಅದ್ದಿ ತೊಳೆಯಬಹುದಾದ ಹೊದಿಕೆಯ ಟ್ಯಾಬ್ಲೆಟ್ ಮಾಡಿದರು, ದಪ್ಪ ಕೈಗವಸಿನ ಬೆರಳಿಗೂ ಸಿಗುವಂತೆ ದೊಡ್ಡ ಗುಂಡಿಗಳನ್ನು ಇಟ್ಟರು. ಒಳಗೆ ಓಪನ್‌ಎಂಆರ್‌ಎಸ್ ಇತ್ತು. ಸಿಯೆರಾ ಲಿಯೋನ್‌ನ ಕೆರ್ರಿ ಟೌನ್ ಚಿಕಿತ್ಸಾ ಕೇಂದ್ರಕ್ಕೂ ಓಪನ್‌ಎಂಆರ್‌ಎಸ್‌ನದೇ ಇನ್ನೊಂದು ರೂಪ ಸಿದ್ಧವಾಯಿತು. ಇವು ಕೈಗೆ ಬರುವ ಹೊತ್ತಿಗೆ ಸೋಂಕು ಇಳಿಯತೊಡಗಿತ್ತೆಂಬುದು ಬೇರೆ ಮಾತು. ಕೈಗವಸಿನ ಬೆರಳಿಗೆ ಗುಂಡಿ ಎಷ್ಟು ಅಗಲವಿರಬೇಕೆಂಬುದು ಯಾವ ಟಿಕೆಟ್‌ನಲ್ಲೂ ಬರೆದಿರಲಿಲ್ಲ.

ನಮಗೆ ಹತ್ತಿರದ ನಿದರ್ಶನ ಬಾಹ್ಮ್ನಿ. ಛತ್ತೀಸ್‌ಗಢದ ಬಿಲಾಸ್‌ಪುರದ ಬಳಿ ಗನಿಯಾರಿಯಲ್ಲಿ ಜನ ಸ್ವಾಸ್ಥ್ಯ ಸಹಯೋಗ ನಡೆಸುವ ಆಸ್ಪತ್ರೆಗೆಂದು ಥಾಟ್‌ವರ್ಕ್ಸ್ ಕಂಪನಿಯ ಎಂಜಿನಿಯರ್‌ಗಳು ಕಟ್ಟಿದ ವ್ಯವಸ್ಥೆ ಇದು. ಓಪನ್‌ಎಂಆರ್‌ಎಸ್ ಜೊತೆಗೆ ಪ್ರಯೋಗಾಲಯ ಮತ್ತು ಬಿಲ್ಲಿಂಗ್ ತಂತ್ರಾಂಶಗಳನ್ನು ಹೆಣೆದು, ಒಂದು ಸಣ್ಣ ಆಸ್ಪತ್ರೆಗೆ ಬೇಕಾದದ್ದನ್ನೆಲ್ಲ ಒಂದೇ ಕಡೆ ಕೊಟ್ಟರು. ಬೆಂಗಳೂರಿನವರ ಪಾಲು ಇದರಲ್ಲಿ ದೊಡ್ಡದು. ಅರಣ್ಯದಂಚಿನ ಹಳ್ಳಿಗಳಿಂದ ರಾತ್ರಿಯಿಡೀ ಪಯಣಿಸಿ ಬಂದು ಒಪಿಡಿಯ ಮುಂದೆ ಮಲಗಿರುವ ಜನರನ್ನು ಕಂಡ ಮೇಲೆ ಬರೆಯುವ ಕೋಡ್ ಬೇರೆಯೇ ಆಗಿರುತ್ತದೆ. ಮುಂದೆ ನೇಪಾಳದ ಅಛಾಮ್ ಜಿಲ್ಲೆಯ ಬಯಲಪಾಟಾ ಆಸ್ಪತ್ರೆ, ಬಾಂಗ್ಲಾದೇಶದ ಸರ್ಕಾರಿ ಆಸ್ಪತ್ರೆಗಳು ಅದನ್ನು ಬಳಸಿದವು. ಬಾಹ್ಮ್ನಿ ಕಟ್ಟಿದವರು ಸಂಬಳದ ಮೇಲೆ ಕಲಿತ ಹೊಸಬರು, ಸ್ವಯಂಸೇವಕರಲ್ಲ ಎಂಬುದನ್ನು ಮರೆಮಾಚಬೇಕಿಲ್ಲ. ಇಂಥ ಯೋಜನೆಗಳ ಬೆನ್ನೆಲುಬು ಬಿಡುವಿನ ಹೊತ್ತಿನ ದಾನವಲ್ಲ, ಯಾರದೋ ಸಂಬಳ. 2020ರ ಮಾರ್ಚ್‌ನಲ್ಲಿ ಕೊಚ್ಚಿಯಲ್ಲಿ ಕೊರೊನಾ ಎದುರಿಸಲು ಸ್ವಯಂಸೇವಕರು ಶುರುಮಾಡಿದ ‘ಕೇರ್’ ತಂತ್ರಾಂಶವೂ ಇದಕ್ಕೆ ಹೊರತಲ್ಲ. ಸಂಕಟದ ಬಿಸಿಯಲ್ಲಿ ಜನ ಸೇರಿದರು, ಅದು ಉಳಿದು ಕರ್ನಾಟಕವೂ ಸೇರಿದಂತೆ ಹಲವು ರಾಜ್ಯಗಳ ಹತ್ತು ಹಾಸಿಗೆ ಐಸಿಯು ಯೋಜನೆಗೆ ಬಂದದ್ದು ಸಂಸ್ಥೆಗಳು ಬೆನ್ನಿಗೆ ನಿಂತ ಮೇಲೆ.

ಸಂಬಳದ ಬೇರು ಎಷ್ಟು ಮೇಲ್ಪದರದ್ದು ಎಂಬುದೂ ಈಚೆಗೆ ಬಯಲಾಗಿದೆ. ಆಫ್ರಿಕಾದ ಎಚ್‌ಐವಿ ದಾಖಲೆ ವ್ಯವಸ್ಥೆಗಳು ಬಹುಮಟ್ಟಿಗೆ 2003ರಿಂದ ಹರಿದುಬಂದ ಅಮೆರಿಕದ ನೆರವಿನ ಮೇಲೆ ನಿಂತಿದ್ದವು. 2025ರ ಜನವರಿಯಲ್ಲಿ ಆ ನೆರವು ತಡೆಹಿಡಿಯಲ್ಪಟ್ಟಾಗ ಕೀನ್ಯಾದಂಥ ದೇಶಗಳಲ್ಲಿ ಈ ವ್ಯವಸ್ಥೆಗಳನ್ನು ಸಾಕುತ್ತಿದ್ದ ತಂಡಗಳೂ ಅಲುಗಾಡಿದವು. ಕೋಡ್ ಮುಕ್ತವಾಗಿದ್ದರಿಂದ ಯಾರೂ ಅದನ್ನು ಕಿತ್ತುಕೊಳ್ಳಲಾಗಲಿಲ್ಲ ಎಂಬುದು ನಿಜ. ಆದರೆ ಸರ್ವರ್ ಕೆಟ್ಟಾಗ ಬಂದು ನೋಡುವವನಿಗೆ ಪರವಾನಗಿ ಪತ್ರ ಊಟ ಹಾಕುವುದಿಲ್ಲ. ಸಮ್ಮರ್ ಆಫ್ ಕೋಡ್‌ನ ವಿದ್ಯಾರ್ಥಿಗಳು ಆ ಜಾಗ ತುಂಬುತ್ತಾರೆಂದು ನಿರೀಕ್ಷಿಸುವುದೂ ತಪ್ಪು.

ನರ್ಸ್, ಗುಮಾಸ್ತ, ಫಾರ್ಮಸಿಯವರ ವಿಷಯಕ್ಕೆ ಮತ್ತೆ ಬರುತ್ತೇನೆ. ಅವರಿಗೆ ಬಾಗಿಲೇ ಇಲ್ಲವೆಂದರೆ ಅನ್ಯಾಯದ ಮಾತಾದೀತು. ಓಪನ್‌ಎಂಆರ್‌ಎಸ್ ತನ್ನ ಬಳಕೆದಾರ ಸಂಸ್ಥೆಗಳ ಸಮ್ಮೇಳನಗಳನ್ನು ಆಫ್ರಿಕಾದ ನಗರಗಳಲ್ಲಿ ನಡೆಸುತ್ತ ಬಂದಿದೆ. ಹದಿಮೂರು ತಿಂಗಳ ಇಥಿಯೋಪಿಯಾದ ಪಂಚಾಂಗ ಇಂದಿನ ಓಪನ್‌ಎಂಆರ್‌ಎಸ್‌ನ ತಾರೀಖಿನ ಖಾನೆಗೆ ಬಂದಿದೆ. ಅಂಥದ್ದು ಯಾವ ಬೆಂಗಳೂರು, ಬೋಸ್ಟನ್ ಡೆವಲಪರ್‌ಗೂ ತಾನಾಗಿ ಹೊಳೆಯುವಂಥದ್ದಲ್ಲ. ಆದರೂ ನರ್ಸ್, ಗುಮಾಸ್ತರ ಕೊಡುಗೆ ಬಹಳ ಸಲ ಇನ್ನೊಬ್ಬರ ಬಾಯಿಂದ ಸಮುದಾಯಕ್ಕೆ ತಲುಪುತ್ತದೆ. ಮಾತುಕತೆ ಇಂಗ್ಲಿಷಿನಲ್ಲಿ, ಸಭೆ ಅವರ ಪಾಳಿಯ ಹೊತ್ತಿನಲ್ಲಿ, ಲೆಕ್ಕ ಕೋಡಿನ ಸಾಲುಗಳಲ್ಲಿ. ಪರದೆಯನ್ನು ಸ್ಥಳೀಯ ಭಾಷೆಗೆ ತರುವ ಕೆಲಸ ಹೊಸಬರಿಗೆ ಸುಲಭದ್ದೆಂದು ಬಿಟ್ಟುಕೊಡುವ ಅಭ್ಯಾಸವಿದೆ. ನಿಘಂಟು ಹಿಡಿದು ಮಾಡಿದ ಅನುವಾದವನ್ನು ಸಿಸ್ಟರ್ ಒಬ್ಬರು ಓದಿ ನೋಡದೆ ಆಸ್ಪತ್ರೆಗೆ ಬಿಟ್ಟರೆ, ಅವರು ಎರಡೇ ದಿನದಲ್ಲಿ ಇಂಗ್ಲಿಷಿಗೆ ಬದಲಿಸಿಕೊಳ್ಳುತ್ತಾರೆ.

ಕರ್ನಾಟಕದ ಮಟ್ಟಿಗೆ ಇದು ಮಾಡಲಾಗದ ಕೆಲಸವೇನಲ್ಲ. 2021ರ ಸೆಪ್ಟೆಂಬರ್‌ನಲ್ಲಿ ಆಯುಷ್ಮಾನ್ ಭಾರತ್ ಡಿಜಿಟಲ್ ಮಿಷನ್ ಜಾರಿಗೆ ಬಂದ ಮೇಲೆ ಸಣ್ಣ ಆಸ್ಪತ್ರೆಗಳೂ ದಾಖಲೆಗಳನ್ನು ಗಣಕಕ್ಕೆ ತರಬೇಕಾದ ಒತ್ತಡದಲ್ಲಿವೆ. ಬೆಳಗಾವಿ, ದಾವಣಗೆರೆ, ಮಂಗಳೂರು, ಕಲಬುರಗಿಗಳಲ್ಲಿ ವೈದ್ಯಕೀಯ, ನರ್ಸಿಂಗ್, ಎಂಜಿನಿಯರಿಂಗ್ ಕಾಲೇಜುಗಳು ಒಂದೇ ಊರಲ್ಲಿವೆ. ವಿಟಿಯು ವಿದ್ಯಾರ್ಥಿಗಳಿಗೆ ಇಂಟರ್ನ್‌ಶಿಪ್ ಕಡ್ಡಾಯ. ಹಣ ಕೊಟ್ಟು ಕೊಂಡ ಪ್ರಮಾಣಪತ್ರದ ಬದಲು ಅವರಲ್ಲಿ ಕೆಲವರಾದರೂ ಒಪಿಡಿ ನೋಂದಣಿ ಕೌಂಟರ್‌ನ ಹಿಂದೆ ಒಂದು ವಾರ ಕೂತು, ಆಮೇಲೆ ಬಾಹ್ಮ್ನಿಯದೋ ಓಪನ್‌ಎಂಆರ್‌ಎಸ್‌ನದೋ ಟಿಕೆಟ್ ಹಿಡಿಯಬಹುದು. ಆ ಟಿಕೆಟನ್ನು ಬರೆದುಕೊಡುವವರು ಕೌಂಟರ್‌ನ ಗುಮಾಸ್ತರೋ ನರ್ಸಿಂಗ್ ವಿದ್ಯಾರ್ಥಿನಿಯೋ ಆಗಿರಲಿ, ಕನ್ನಡದಲ್ಲೇ ಬರೆಯಲಿ, ಅವರ ಹೆಸರೂ ಕೊಡುಗೆದಾರರ ಪಟ್ಟಿಯಲ್ಲಿ ಬರಲಿ. ಇದಕ್ಕೆ ಬೇಕಾದದ್ದು ಆಸ್ಪತ್ರೆಯ ಸೂಪರಿಂಟೆಂಡೆಂಟರ ಅನುಮತಿ, ಹುಡುಗರಿಂದ ಗೋಪ್ಯತೆಯ ಮುಚ್ಚಳಿಕೆ, ಮತ್ತು ಇದನ್ನು ಪ್ರಾಜೆಕ್ಟ್ ಅಂಕಗಳಿಗೆ ಪರಿಗಣಿಸಲು ಒಪ್ಪುವ ಒಬ್ಬ ವಿಭಾಗ ಮುಖ್ಯಸ್ಥರು. ಮೂರರಲ್ಲಿ ಕಷ್ಟದ್ದು ಮೂರನೆಯದೇ ಎಂದು ಕಾಣುತ್ತದೆ.